ನಾಯಿ ಮೇಷ್ಟ್ರು ಕೇಳಿದ ಮೊದಲ ಪ್ರಶ್ನೆ

ಮೊನ್ನೆ ಅಡುಗೆಮನೆಯ ಮೇಲಿನ ಗೂಡು ಗುಡಿಸುವಾಗ ಎಂದೋ ಮರೆತುಬಿಟ್ಟಿದ್ದ ಡಬ್ಬಿಯೊಂದು ಕೈಗೆ ಸಿಕ್ಕಿತು. ಮುಚ್ಚಳ ತೆಗೆದರೆ ಹಳೇ ಕೊಬ್ಬರಿಯ ಕಮಟು ವಾಸನೆ. ಬೇರೆಯವರಾಗಿದ್ದರೆ ಥೂ ಅಂತ ಹಿತ್ತಲಿಗೆ ಎಸೆದು ಕೈ ತೊಳೆಯುತ್ತಿದ್ದರು. ನಾನು ಡಬ್ಬಿ ಹಿಡಿದುಕೊಂಡು ಸ್ಟೂಲಿನ ಮೇಲೆ ಕೂತುಬಿಟ್ಟೆ. ನಾಯಿ ಮೇಷ್ಟ್ರ ಜೇಬಿನ ವಾಸನೆ ಅದು.

ನಾಯಿ ಮೇಷ್ಟ್ರು ಅನ್ನುವುದು ನಮ್ಮ ಹೊಸನಗರದ ಮಕ್ಕಳು ಇಟ್ಟ ಹೆಸರು. ಪೊಲೀಸ್ ನಾಯಿಗಳನ್ನು ಪಳಗಿಸುತ್ತಿದ್ದವರು, ರಿಟೈರ್ ಆಗಿ ತೀರ್ಥಹಳ್ಳಿಯಲ್ಲಿದ್ದರು. ಕರೆದವರ ಮನೆಗೆ ಬಸ್ಸಿನಲ್ಲಿ ಹೋಗಿ ನಾಯಿಗೆ ಪಾಠ ಹೇಳುತ್ತಿದ್ದರು. ನಮ್ಮನೆಗೆ ಪ್ರತಿ ಗುರುವಾರ. ಶರ್ಟಿನ ಜೇಬಿನಲ್ಲಿ ಕಾಗದ ಸುತ್ತಿದ ಕೊಬ್ಬರಿ ಚೂರು. ನಾಯಿ ಮಾತು ಕೇಳಿದರೆ ನಾಯಿಗೆ ಒಂದು ಚೂರು, ಕೇಳದಿದ್ದರೆ ತಾವೇ ಬಾಯಿಗೆ ಹಾಕಿಕೊಳ್ಳುತ್ತಿದ್ದರು.

ನಂದು ಟೈಲರಿಂಗ್. ಮನೆಯ ಮುಂದಿನ ಕೋಣೆಯಲ್ಲೇ ಮಿಷನ್ನು. ಬ್ಲೌಸ್ ಹೊಲಿಸುವ ಹೆಂಗಸರು ಬಂದು ಹೋಗುವ ಅಂಗಳದಲ್ಲೇ ನಮ್ಮ ಜಿಮ್ಮಿ. ಕಣ್ಣು ಬಿಡುವ ಮೊದಲೇ ತಂದು, ಫಿಲ್ಲರಿನಲ್ಲಿ ಹಾಲು ಹಾಕಿ ಸಾಕಿದವಳು ನಾನು. ಬೆಳೆದಮೇಲೆ ಬಂದವರ ಮೇಲೆಲ್ಲ ಹಾರಲು ಶುರುಮಾಡಿತು. ಒಂದು ದಿನ ಅದರ ಊಟದ ತಟ್ಟೆ ಎತ್ತಲು ಬಗ್ಗಿದ ನಮ್ಮನೆಯವರ ಹೆಬ್ಬೆರಳಿಗೇ ಬಾಯಿ ಹಾಕಿತು. ಕೇಳಿದವರಿಗೆ ಮೊಳೆ ಚುಚ್ಚಿತು ಅಂದೆವು. ಅಂದಿನಿಂದ ಹಗಲೆಲ್ಲ ಅದಕ್ಕೆ ಸರಪಳಿ.

"ಇನ್ನೊಂದ್ಸಲ ಯಾರಿಗಾದ್ರೂ ಕಚ್ಲಿ, ಸಾಗರದ ಕಡೆ ಹೋಗಿ ಲಾಂಚ್ ಹತ್ತಿಸ್ತೀನಿ ಇದನ್ನ," ಅಂದರು ನಮ್ಮನೆಯವರು. ಬೇಡವಾದ ನಾಯಿಯನ್ನು ಲಾಂಚಿನಲ್ಲಿ ಹಿನ್ನೀರು ದಾಟಿಸಿ ಆಚೆ ದಡದಲ್ಲಿ ಬಿಟ್ಟು ಬರುವವರು ಆಗ ಇದ್ದರು. ನೀರು ದಾಟಿದ ನಾಯಿಗೆ ಮನೆಯ ದಾರಿ ಸಿಗುವುದಿಲ್ಲ. ಅದಕ್ಕೇ ಹೆದರಿ ನಾನು ಮೇಷ್ಟ್ರನ್ನು ಕರೆಸಿದ್ದು.

ಮೊದಲ ದಿನ ಗೇಟಿನ ಹೊರಗೇ ನಿಂತು ಕೇಳಿದರು. "ಅಮ್ಮ, ಮೊದ್ಲು ಒಂದು ಹೇಳಿ. ಇದು ಯಾರಿಗಾದ್ರೂ ಕಚ್ಚಿದ್ಯಾ?"

ಜಗಲಿಯಲ್ಲಿ ನಾಲ್ಕು ಜನ ಗಿರಾಕಿಗಳು ಕೂತಿದ್ದರು. ಬಾಗಿಲಲ್ಲಿ ನಮ್ಮನೆಯವರು.

"ಅಯ್ಯೋ ಇಲ್ಲಪ್ಪ! ಬರೀ ಬಾಯಿ ಜೋರು," ಅಂದೆ.

"ಸಾಕಿದವ್ಳನ್ನೇ ಹೋಲ್ತದೆ ಬಿಡಿ," ಅಂತ ಗಿರಾಕಿಯೊಬ್ಬಳು ನಗಿಸಿದಳು. ಮೇಷ್ಟ್ರೂ ನಕ್ಕು ಒಳಗೆ ಬಂದರು. ಮಾತು ಅಲ್ಲಿಗೇ ಮುಗಿಯಿತು.

ಅವರು ನಾಯಿಗೆ ಕಲಿಸಿದ್ದಕ್ಕಿಂತ ನನಗೆ ಕಲಿಸಿದ್ದೇ ಹೆಚ್ಚು. "ನಾನು ಹೇಳಿದ್ರೆ ಕೂರ್ತದೆ, ಅದ್ರಿಂದ ನಿಮಗೇನು ಬಂತು? ನೀವು ಹೇಳಿ." ಜಿಮ್ಮಿ ಪೂರ್ತಿ ಸರಿಹೋಗುತ್ತಾ ಅಂತ ಕೇಳಿದ್ದಕ್ಕೆ, "ಗ್ಯಾರಂಟಿ ಕೊಡೋಕೆ ಇದೇನು ಮಿಕ್ಸಿನಾ?" ಅಂದರು. ಬೇರೆ ಮನೆಯ ನಾಯಿಗಳ ಸುದ್ದಿ ತೆಗೆಯೋಣ ಅಂತ ನಾನು ಕಾಫಿ ಕೊಟ್ಟು, ಚಕ್ಕುಲಿ ಕೊಟ್ಟು ಎಷ್ಟು ಕೆದಕಿದರೂ ಊಹೂಂ... "ಅವ್ರ ಮನೆ ಮಾತು ಅವ್ರನ್ನೇ ಕೇಳಿ" ಅನ್ನುವರು, ಚಕ್ಕುಲಿ ಮಾತ್ರ ಬಿಡುತ್ತಿರಲಿಲ್ಲ.

ಮೂರು ತಿಂಗಳಾಗುವಾಗ ಗಿರಾಕಿಗಳು ಬಂದರೆ ಜಿಮ್ಮಿ ಮೂಲೆಗೆ ಹೋಗಿ ಕೂರುವಷ್ಟಾಯಿತು. ಆ ಗುರುವಾರ ಮೇಷ್ಟ್ರು ಅದನ್ನು ಹೊತ್ತಿಡೀ ನೋಡಿ, "ಹಗಲು ಬಿಚ್ಚಿ ಬಿಡಬಹುದು," ಅಂದರು. ನಾನು ಆಗ ಹೇಳಬೇಕಿತ್ತು. ಬಾಯಿಯವರೆಗೂ ಬಂತು... ಎಲ್ಲ ಸರಿಹೋಗಿದೆಯಲ್ಲ, ಈಗ್ಯಾಕೆ ಅಂತ ನುಂಗಿಕೊಂಡೆ.

ಎರಡೇ ದಿನ. ಪಕ್ಕದ ಮನೆ ಅಕ್ಕ ಹೂವು ಕೊಡಲು ಬಂದವಳು ಕಾಲಿಗೆ ಅಡ್ಡ ಸಿಕ್ಕಿದ ಜಿಮ್ಮಿಯ ತಟ್ಟೆಯನ್ನು ಬದಿಗಿಡಲು ಬಗ್ಗಿದಳು. ಜಿಮ್ಮಿ ಮುಂಗೈ ಹಿಡಿಯಿತು. ರಕ್ತ ಬಂತು. ಆಸ್ಪತ್ರೆಗೆ ಓಡಿದೆವು, ಇಂಜೆಕ್ಷನ್ ಆಯಿತು, ಹೊಲಿಗೆಯೂ ಬಿತ್ತು.

ಫೋನ್ ಮಾಡಿದ ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೇ ಮೇಷ್ಟ್ರು ಬಂದಿಳಿದರು. ನಮ್ಮನೆಗಲ್ಲ, ನೇರ ಆ ಅಕ್ಕನ ಮನೆಗೆ. ನಾವೂ ಹಿಂದೆ ಹೋದೆವು. ಅವಳೆದುರು ಕೈಮುಗಿದು ನಿಂತು, "ಬಿಡಬಹುದು ಅಂದವ್ನು ನಾನು. ತಪ್ಪು ನಂದು. ಇವ್ರನ್ನ ಬೈಬೇಡಿ," ಅಂದರು.

ನಮ್ಮನೆಯವರು ತಮ್ಮ ಹೆಬ್ಬೆರಳು ನೋಡಿಕೊಂಡರು. ನಾನು ನೆಲ ನೋಡಿದೆ. ಇವತ್ತಿಗೂ ಅದನ್ನು ನೆನೆದರೆ ನನ್ನ ಮೇಲೆ ನನಗೇ ಹೇಸಿಗೆ ಆಗುತ್ತದೆ.

ಜಿಮ್ಮಿಯನ್ನು ಲಾಂಚ್ ಹತ್ತಿಸುವ ಮಾತು ಬಂದಾಗ ಮೇಷ್ಟ್ರು, "ನನ್ನ ತಪ್ಪಿಗೆ ಅದ್ಯಾಕೆ ನೀರು ದಾಟ್ಬೇಕು? ನಂಜೊತೆ ಬರ್ಲಿ," ಅಂದರು. ಅದನ್ನು ಕರೆದುಕೊಂಡು ಆಟೋ ಹತ್ತಿದರು. ಜಿಮ್ಮಿ ಹಿಂದೆ ತಿರುಗಿ ತಿರುಗಿ ನೋಡುತ್ತಿತ್ತು. ನಾನು ಒಳಗೆ ಹೋಗಿ ಸುಮ್ಮನೆ ಮಿಷನ್ ತುಳಿದೆ, ಬಟ್ಟೆಯೇ ಇಲ್ಲದ ಮಿಷನ್ನು.

ಆಮೇಲೆ ಕಿವಿಗೆ ಬಿತ್ತು. ಹೊಸ ಮನೆಗೆ ಹೋದಾಗಲೆಲ್ಲ ಮೇಷ್ಟ್ರು ಮೊದಲು ಇದನ್ನೇ ಹೇಳುತ್ತಿದ್ದರಂತೆ: "ನಾನು ಸರಿ ಅಂದ ನಾಯಿ ಒಬ್ಬರಿಗೆ ಕಚ್ಚಿದೆ. ಗೊತ್ತಿದ್ದು ಕರೀರಿ." ಹಾಗಂದರೆ ಯಾರು ಕರೆಯುತ್ತಾರೆ? ಒಂದೊಂದೇ ಮನೆ ಕಡಿಮೆಯಾಗಿ, ಕಡೆಗೆ ಹೊಸನಗರದ ಬಸ್ಸಿನಲ್ಲಿ ಅವರು ಕಾಣುವುದೇ ನಿಂತುಹೋಯಿತು. ಹೋಗಿ ಹೇಳಿಬರಬೇಕು ಅಂತ ಎಷ್ಟು ಸಲ ಸೀರೆ ಉಟ್ಟೆನೋ. ತೀರ್ಥಹಳ್ಳಿ ಏನು ದೂರವೇ? ನಾಳೆ, ನಾಡಿದ್ದು ಅನ್ನುವುದರಲ್ಲೇ ಅವರು ತೀರಿಕೊಂಡ ಸುದ್ದಿ ಬಂತು.

ಹದಿಮೂರನೇ ದಿನದ ಕಾರ್ಯ ಕಳೆದಮೇಲೆ ಹೋದೆ. ಮೇಷ್ಟ್ರ ಹೆಂಡತಿ ಕಾಫಿ ಕೊಟ್ಟರು. ಮೂತಿ ನರೆತಿದ್ದ ಜಿಮ್ಮಿ ನನ್ನ ಕೈ ಮೂಸಿ, ಬಾಲ ಆಡಿಸಿ, ಅವರ ಕಾಲ ಬುಡಕ್ಕೇ ಹೋಗಿ ಮಲಗಿತು. ಅದು ಉಂಡ ತಟ್ಟೆ ಪಕ್ಕದಲ್ಲೇ ಇತ್ತು. ಅಭ್ಯಾಸಬಲ, ಎತ್ತಿಡಲು ಕೈ ಚಾಚಿದೆ.

"ಮುಟ್ಬೇಡಿ!" ಅಂದರು ಅವರು. "ತಟ್ಟೆ ಮುಟ್ಟಿದ್ರೆ ಮಾತ್ರ ಅದು ಕೇಳಲ್ಲ. ಇಲ್ಲಿಗೆ ಬಂದ ದಿನವೇ ಇವ್ರಿಗೆ ಗೊತ್ತಾಯ್ತು."

ಬಂದ ದಿನವೇ! ಚಾಚಿದ ಕೈ ಹಿಂದಕ್ಕೆ ತೆಗೆದೆ. "ಮತ್ತೆ... ನಮ್ಮ ಬಗ್ಗೆ ಏನಂದ್ರು?"

"'ಅವ್ರ ಮನೇಲಿ ಮೊದ್ಲೇ ಯಾರಿಗೋ ಕಚ್ಚಿತ್ತು ಕಣೇ' ಅಂದ್ರು. ನಂಗೆ ಸಿಟ್ಟು ಬಂತು, ಹೋಗಿ ಕೇಳಿ ಅಂದೆ. 'ತಪ್ಪು ನಂದೇ, ಗಿರಾಕಿಗಳ ಎದುರು, ಗಂಡನ ಎದುರು ಕೇಳಿದ್ರೆ ಪಾಪ ಆ ಹೆಂಗಸು ಇಲ್ಲ ಅನ್ನದೆ ಏನಂತಾಳೆ? ಒಳಗೆ ಕೂತು ಮೆಲ್ಲಗೆ ಕೇಳ್ಬೇಕಿತ್ತು' ಅಂದ್ರು. ಆಮೇಲಿಂದ ಯಾರ ಮನೇಲೂ ಗೇಟಲ್ಲಿ ನಿಂತು ಕೇಳ್ಲೇ ಇಲ್ಲ ನೋಡಿ."

ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತೆ. ಅವರ ಹತ್ತಿರವೂ ಆಗ ನನಗೆ ಸತ್ಯ ಹೇಳಲಾಗಲಿಲ್ಲ. ಅವರು ಕೇಳಲೂ ಇಲ್ಲ.

ಈಗ ಜಿಮ್ಮಿಯೂ ಇಲ್ಲ. ಹಿನ್ನೀರಿಗೆ ಸೇತುವೆ ಬಂದಿದೆ. ಡಬ್ಬಿ ತೊಳೆದು ಬಿಸಿಲಿಗಿಟ್ಟಿದ್ದೇನೆ, ವಾಸನೆ ಇನ್ನೂ ಹೋಗಿಲ್ಲ. ಮೇಷ್ಟ್ರೇ, ನೀವು ಒಳಗೆ ಕೂತು ಮೆಲ್ಲಗೆ ಕೇಳಿದ್ದರೂ ನಾನು ಇಲ್ಲ ಅಂತಲೇ ಅನ್ನುತ್ತಿದ್ದೆ. ನೀವು ಕೇಳಿದ್ದರಲ್ಲಿ ಏನೂ ತಪ್ಪಿರಲಿಲ್ಲ.

ಹೌದು ಮೇಷ್ಟ್ರೇ, ಕಚ್ಚಿತ್ತು.