ಉಲ್ಟಾ ಬಂದ ‘ಲ’

‘ಇದು ತೆಲುಗು ಅಕ್ಷರವಾ ಅಕ್ಕಾ?’

ಕುಣಿಗಲ್‌ನಲ್ಲಿ, ನೆಂಟರಿಂದ ತುಂಬಿದ್ದ ಹಾಲ್‌ನಲ್ಲಿ, ನನ್ನ ತಂಗಿಯ ಗಂಡ ಕೇಳಿದ ಪ್ರಶ್ನೆ ಇದು. ಕಳೆದ ಭಾನುವಾರ ಅವರ ಮೊಮ್ಮಗಳ ನಾಮಕರಣ. ಅವರ ಕೈಯಲ್ಲಿದ್ದದ್ದು ನಾನು ಹೊಲಿದ ಪುಟ್ಟ ಕೌದಿ. ಅದರ ಒಂದು ತುದಿಯಲ್ಲಿ ಇದ್ದದ್ದು ಅಪ್ಪಟ ಕನ್ನಡದ ‘ಲ’. ಅಂದರೆ, ಇರಬೇಕಾಗಿದ್ದದ್ದು.

ಮೊದಲಿನಿಂದ ಹೇಳುತ್ತೇನೆ.

ತಂಗಿಯ ಮಗಳು ಸ್ಫೂರ್ತಿ ಬಾಣಂತನಕ್ಕೆ ತವರಿಗೆ ಬಂದಿದ್ದಾಳೆ. ಮಗುವಿನ ನಕ್ಷತ್ರಕ್ಕೆ ‘ಲ’ ಅಕ್ಷರ ಬಂತು. ಹೆಸರು ಮಾತ್ರ ಗುಟ್ಟು. (ಮಗುವಿನ ಕಿವಿಯಲ್ಲಿ ಹೇಳುವವರೆಗೆ ಫ್ಯಾಮಿಲಿ ಗ್ರೂಪಿಗೂ ಹೇಳುವಂತಿಲ್ಲ!) ಹೆಸರು ಬೇಡ, ಅಕ್ಷರವನ್ನಾದರೂ ಕೌದಿಯಲ್ಲಿ ಕೂರಿಸೋಣ ಅಂದುಕೊಂಡೆ. ‘ಇಂಗ್ಲಿಷ್ ಎಲ್ ಹಾಕ್ಲೇನೇ?’ ಎಂದು ಫೋನ್ ಮಾಡಿದೆ.

‘ಬೇಡ ದೊಡ್ಡಮ್ಮ, ಡ್ರೈವಿಂಗ್ ಸ್ಕೂಲ್ ಕಾರ್ ಥರ ಕಾಣತ್ತೆ. ಕನ್ನಡದ್ದೇ ಹಾಕಿ’ ಅಂದಳು.

ಯೂಟ್ಯೂಬ್‌ನಲ್ಲಿ ಹುಡುಕಿದಾಗ ಸಿಕ್ಕಿದ್ದು ಪೇಪರ್ ಪೀಸಿಂಗ್. ಬಟ್ಟೆಯ ಚೂರುಗಳನ್ನು ಕಾಗದದ ಮೇಲೆ ಜೋಡಿಸಿ ಹೊಲಿಯುವ ವಿದ್ಯೆ. ಕಾಗದದಲ್ಲಿ ಚಿತ್ರ ಪ್ರಿಂಟ್ ಆಗಿರುತ್ತದೆ, ಒಂದೊಂದು ಭಾಗಕ್ಕೂ ನಂಬರ್ ಇರುತ್ತದೆ. ಬಟ್ಟೆ ಇಡುವುದು ಕಾಗದದ ಹಿಂದೆ. ಹೊಲಿಗೆ ಹಾಕುವುದು ಮುಂಭಾಗದ ಗೆರೆಯ ಮೇಲೆ. ಒಂದು ಚೂರು ಹೊಲಿ, ಮಗುಚು, ಇಸ್ತ್ರಿ ಮಾಡು, ಮುಂದಿನ ನಂಬರಿಗೆ ಹೋಗು. ಕೊನೆಗೆ ಅಷ್ಟೂ ಕಾಗದವನ್ನು ಹರಿದು ಬಿಸಾಕು. ಕಾಗದವನ್ನೂ ಹೊಲಿಗೆ ಮಿಷನ್‌ಗೆ ಕೊಡಬಹುದು ಅಂತ ಈ ವಯಸ್ಸಿನವರೆಗೆ ನನಗೇಕೆ ಹೊಳೆದಿರಲಿಲ್ಲ?

ಹಳೇ ನೈಟಿಯ ಚೂರುಗಳಲ್ಲಿ ಮೊದಲು ಒಂದು ನಕ್ಷತ್ರ ಮಾಡಿದೆ. ಮೂಲೆಗಳು ಚಾಕುವಿನಷ್ಟು ಚೂಪಾಗಿ ಬಂದವು. ಜಂಬ ಬಂತು. ಫೋಟೋ ತೆಗೆದು ಸ್ಟೇಟಸ್‌ಗೆ ಹಾಕಿದೆ.

ಆದರೆ ಈ ವಿದ್ಯೆಗೆ ನೇರ ಗೆರೆ ಮಾತ್ರ ಗೊತ್ತು. ಬಾಗುವುದು ಅದಕ್ಕೆ ಬರುವುದಿಲ್ಲ. ನಮ್ಮ ಅಕ್ಷರಗಳನ್ನು ನೋಡಿ! ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ನಿಂತು ಬಸ್ಸಿನ ಬೋರ್ಡುಗಳನ್ನೇ ದಿಟ್ಟಿಸಿದೆ. ಗುಬ್ಬಿ, ಕುಣಿಗಲ್, ನಿಟ್ಟೂರು. ಎಲ್ಲಾ ಸುತ್ತು, ಕೊಂಬು, ಗುಡಿಸು. ಇಷ್ಟು ವರ್ಷ ಬರೆದೂ ನಾನು ಇದನ್ನು ಗಮನಿಸಿಯೇ ಇರಲಿಲ್ಲ. ಕಂಡಕ್ಟರ್ ‘ಎಲ್ಲಿಗಮ್ಮಾ?’ ಎಂದು ಕೇಳಿದ. ಬರೀ ಓದ್ತಾ ಇದೀನಿ ಅಂತ ಹೇಳುವುದು ಹೇಗೆ?

ಮನೆಗೆ ಬಂದು ‘ಲ’ವನ್ನು ಸಣ್ಣ ಸಣ್ಣ ನೇರ ಗೆರೆಗಳಾಗಿ ಒಡೆದು ಬರೆದೆ. ಇನ್ನು ಬಟ್ಟೆ ಬೇಕು. ನಮ್ಮಲ್ಲಿ ಹಸುಗೂಸಿಗೆ ಹೊಸ ಬಟ್ಟೆ ಹಾಕುವುದಿಲ್ಲ. ಉಟ್ಟು ಉಟ್ಟು ಮೆತ್ತಗಾದ ಹತ್ತಿ ಸೀರೆಯೇ ಆಗಬೇಕು. ನಿಟ್ಟೂರಿನಲ್ಲಿ ತಮ್ಮನ ಮನೆಯಲ್ಲಿರುವ ಅಮ್ಮನ ಬಳಿ ಒಂದು ಹಸಿರು ಸೀರೆಯ ತುಂಡು ಉಳಿದಿತ್ತು. ನಾನು, ತಂಗಿ, ಆಮೇಲೆ ಸ್ಫೂರ್ತಿ, ಎಲ್ಲರೂ ಮಲಗಿದ ಸೀರೆ ಅದು.

‘ಇಷ್ಟೇ ಕಣೇ ಉಳ್ದಿರೋದು. ಕತ್ರಿ ಹಾಕೋ ಮುಂಚೆ ನೋಡ್ಕಂಡ್ ಹಾಕು’ ಎಂದು ಅಮ್ಮ ಅದನ್ನು ಕೈಗಿಟ್ಟಳು.

ನೋಡಿಕೊಂಡೇ ಹಾಕಿದೆ. ಆದರೆ ಉದ್ದಕ್ಕೂ ನೋಡಿದ್ದು ಕಾಗದದ ಕಡೆ. ಅಲ್ಲಿ ‘ಲ’ ಮುದ್ದಾಗಿ ಕೂತಿತ್ತು. ಮುಗಿಸಿ ತಿರುಗಿಸಿದಾಗಲೇ ಗೊತ್ತಾಗಿದ್ದು. ಬಟ್ಟೆ ಕಾಗದದ ಹಿಂದಿದ್ದರೆ ಅಕ್ಷರ ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಬರುತ್ತದೆ! ಕಾಗದದ ಮೇಲೆ ಮೊದಲೇ ಉಲ್ಟಾ ಬರೆದುಕೊಳ್ಳಬೇಕಿತ್ತು. ನಕ್ಷತ್ರದಲ್ಲಿ ಇದು ಗೊತ್ತಾಗಲಿಲ್ಲ, ಅದಕ್ಕೆ ಎಡ ಬಲ ಎಲ್ಲಿದೆ? ಅಮ್ಮನ ಸೀರೆಯೋ, ಚೂರೂ ಉಳಿದಿರಲಿಲ್ಲ. ಬೇರೆ ದಾರಿ ಕಾಣದೆ ಅದನ್ನೇ ಕೌದಿ ಮಾಡಿ ಕುಣಿಗಲ್ ಬಸ್ ಹತ್ತಿದೆ.

ತಂಗಿಯ ಗಂಡನ ಪ್ರಶ್ನೆಗೆ ಹಾಲ್ ತುಂಬಾ ನಗು. ನಗದವಳು ಅಮ್ಮ ಒಬ್ಬಳೇ. ಕೌದಿಯನ್ನು ಮಡಿಲಿಗೆ ಹಾಕಿಕೊಂಡು, ‘ನನ್ ಸೀರೆ ಎಲ್ಲೇ?’ ಎಂದಳು. ಹಸಿರು ಚೂರುಗಳನ್ನು ತೋರಿಸಿದೆ.

‘ಹಿಂಗೆ ಚೂರ್ ಚೂರ್ ಮಾಡ್ಬುಟ್ಯಾ?’

ನನಗೆ ಅಳುವೇ ಬಂತು. ಅಮ್ಮ ಹಸಿರಿನ ಮೇಲೆ ಅಂಗೈ ಸವರಿದಳು. ಕೌದಿಯನ್ನು ತೊಟ್ಟಿಲಿಗೆ ಹಾಸಿ ಮಗುವನ್ನು ಮಲಗಿಸಿದಳು. ರಚ್ಚೆ ಹಿಡಿದಿದ್ದ ಮಗು ಎರಡು ಸಲ ಕಾಲು ಝಾಡಿಸಿ ಕಣ್ಣು ಮುಚ್ಚಿತು.

ಸ್ಫೂರ್ತಿ ತೊಟ್ಟಿಲ ಪಕ್ಕ ಮೊಬೈಲ್ ಎತ್ತಿ ಹಿಡಿದಳು. ‘ದೊಡ್ಡಮ್ಮ, ಬನ್ನಿ ಇಲ್ಲಿ! ಸೆಲ್ಫಿಲಿ ಲ ಸರಿಯಾಗೇ ಇದೆ!’ ಓಡಿ ಹೋಗಿ ನೋಡಿದರೆ ನಿಜ. ಕನ್ನಡಿಯಂತೆ ತೋರಿಸುವ ಪರದೆಯ ಮೇಲೆ ಮುದ್ದಾದ ‘ಲ’. ಖುಷಿಯಿಂದ ಕ್ಲಿಕ್ ಮಾಡಿದಳು. ಸೇವ್ ಆದ ಫೋಟೋದಲ್ಲಿ ಮತ್ತೆ ಉಲ್ಟಾ. (ಟೆಕ್ನಾಲಜಿಗೂ ನನ್ನ ಮಾನ ಉಳಿಸುವ ಮನಸ್ಸಿಲ್ಲ.)

ಊಟ ಮುಗಿಸಿ ಹೊರಡುವಾಗ ಅಮ್ಮ ನನ್ನನ್ನು ಪಕ್ಕಕ್ಕೆ ಕರೆದಳು. ಉಟ್ಟಿದ್ದ ಸೀರೆಯ ಸೆರಗನ್ನು ನನ್ನ ಕೈಗೆ ಕೊಟ್ಟು, ‘ಮುಟ್ಟಿ ನೋಡು, ಇದೂ ಮೆತ್ಗಾಗ್ತಾ ಅದೆ. ಇನ್ನೊಂದ್ ಸ್ವಲ್ಪ ದಿನ ಉಟ್ಕಂಡು ಕೊಡ್ತೀನಿ. ಕಲ್ತ್ಕಂಡು ಮಾಡೀವಂತೆ ಬುಡು’ ಅಂದಳು.

ಅಕ್ಷರ ಕಲಿಯುವ ಮಗು ಉಲ್ಟಾ ಬರೆದರೆ ಎತ್ತಿ ಮುದ್ದಾಡುತ್ತೇವೆ; ಐವತ್ತೆಂಟರಲ್ಲಿ ಕಲಿಯಲು ಕೂತವರಿಗೆ ಮಾತ್ರ ಯಾಕೆ ಮೊದಲ ಸಲವೇ ಸರಿ ಬರಬೇಕು?