ಕೋಡಿ ನೀರು, ಒಂದನೇ ಸಲ

ನನ್ನ ಅಣ್ಣ ಸಿನಿಮಾಗಳಿಗೆ ಸದ್ದು ಮಾಡಿಕೊಡುತ್ತಿದ್ದ. ಹಾಡಲ್ಲ, ಮಾತಲ್ಲ. ಬಾಗಿಲು ಕಿರುಗುಟ್ಟುವುದು, ಮೂಳೆ ಮುರಿಯುವುದು, ನೀರು ಹರಿಯುವುದು. ಮೂಳೆಗೆ ತೆಂಗಿನ ಒಣಮಟ್ಟೆ ಮುರಿಯುತ್ತಿದ್ದ. ಗುಬ್ಬಿ ಸಂತೆಯಲ್ಲಿ ಸಿಕ್ಕ ಸ್ನೇಹಿತರು "ಏನ್ಲಾ, ಸಿನಿಮಾದಾಗೆ ನಿನ್ ಮುಖ ಯಾವತ್ಲಾ ಬರೋದು?" ಎಂದು ಕೆಣಕಿದರೆ, "ಮುಖ ಬರಲ್ಲ ಕಣೋ. ಹೀರೋ ನಡೀತಾನಲ್ಲ, ಆ ಹೆಜ್ಜೆ ನಂದು" ಅನ್ನುತ್ತಿದ್ದ.

ರೆಕಾರ್ಡ್ ಮಾಡುವ ಮೊದಲು ಮೈಕಿಗೆ ಸದ್ದಿನ ಹೆಸರು ಹೇಳುವುದು ಆ ಕೆಲಸದ ಪದ್ಧತಿ. ಕಡಬ ಕೆರೆ ತುಂಬಿದ ವರ್ಷ ನಾನೂ ಜೊತೆಗೆ ಹೋಗಿದ್ದೆ. "ಕಡಬ ಕೆರೆ. ಕೋಡಿ ನೀರು. ಒಂದನೇ ಸಲ" ಎಂದ. ಸ್ವಲ್ಪ ಹೊತ್ತು ಸುಮ್ಮನಿದ್ದು ಮೈಕನ್ನು ನೀರಿನ ಕಡೆ ತಿರುಗಿಸಿದ. ಸಿನಿಮಾಕ್ಕೆ ಹೋಗುವಾಗ ಆ ಮಾತನ್ನು ಕತ್ತರಿಸಿ ನೀರನ್ನಷ್ಟೇ ಕಳಿಸುತ್ತಿದ್ದ.

ಆಮೇಲೆ ಗಂಟಲಿನ ಆಪರೇಷನ್ ಆಯಿತು, ಮಾತು ಹೋಯಿತು. ನಮ್ಮ ಮನೆಗಳಿಗೆ ಸ್ಮಾರ್ಟ್‌ಫೋನ್ ಬಂದದ್ದು ಅದಾದ ಮೇಲೆ. ಉಳಿದ ವರ್ಷಗಳನ್ನು ನೋಟ್‌ಬುಕ್ಕಿನಲ್ಲಿ ಬರೆದು ತೋರಿಸುತ್ತಾ ಕಳೆದ. ಹೋದ ವರ್ಷ ತೀರಿಕೊಂಡ.

ಕೆಲವು ತಿಂಗಳ ಹಿಂದೆ ಅತ್ತಿಗೆ ತುಮಕೂರಿನಲ್ಲಿದ್ದ ನನಗೆ ಫೋನ್ ಮಾಡಿದರು. ಅಟ್ಟದ ಮೇಲಿನ ಬಿಸ್ಕತ್ ಡಬ್ಬದಲ್ಲಿ ಅಣ್ಣ ಕತ್ತರಿಸದೆ ಇಟ್ಟಿದ್ದ ಮೂಲ ರೆಕಾರ್ಡಿಂಗುಗಳ ಸಿ.ಡಿ.ಗಳು ಸಿಕ್ಕಿದ್ದವು. ಅವನ ಕಂಪ್ಯೂಟರ್ ಗುಜರಿಗೆ ಹೋಗಿ ಬಹಳ ಕಾಲವಾಗಿತ್ತು.

"ಒಂದ್ಸಲ ಕೇಳಿಸು ಕಣಪ್ಪ. ಮದುವೆ ಕ್ಯಾಸೆಟ್ಟಲ್ಲಿ ಬರೀ ವಾಲಗ ಇದೆ. ಅವರ ದನಿ ಹೆಂಗಿತ್ತು ಅನ್ನೋದೇ ಮರೀತಾ ಇದೀನಿ."

ನಾನು ಕೆಲಸ ಮಾಡುವ ಪತ್ರಿಕೆಯ ಕಂಪ್ಯೂಟರ್‌ಗಳಲ್ಲಿ ಅವು ತೆರೆಯಲಿಲ್ಲ. ಯಾವ ಸಾಫ್ಟ್‌ವೇರಿನ ಫೈಲುಗಳು ಎಂದು ಯಾರಿಗೂ ಗೊತ್ತಾಗಲಿಲ್ಲ. ಬೆಂಗಳೂರಿನ ಸ್ಟುಡಿಯೋದಲ್ಲಿದ್ದು ಈಗ ಕುಣಿಗಲ್‌ನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಹಿರಿಯರೊಬ್ಬರ ವಿಷಯ ತಿಳಿಯಿತು. ಅತ್ತಿಗೆಯನ್ನು ಕರೆದುಕೊಂಡು ಹೋದೆ.

"ಸಾರ್, ಈ ಥರದ ಫೈಲು ಮಾಡೋ ಸಾಫ್ಟ್‌ವೇರ್ ಆಗ ಮೂರ್ನಾಲ್ಕು ಇದ್ವು," ಅಂದರು ಆತ. "ಸ್ಕ್ರೀನ್ ಹೆಂಗಿತ್ತು, ನೆನಪಿದೆಯಾ?"

ನನಗೆ ನೆನಪಿರಲಿಲ್ಲ. ಉತ್ತರ ಕೊಟ್ಟದ್ದು ಅತ್ತಿಗೆ.

"ಕಪ್ಪು. ಹಸಿರು ಗೆರೆ, ಬೆಟ್ಟದ ಸಾಲು ಇದ್ದಂಗೆ. ಮೂಲೇಲಿ ಟೇಪ್‌ರೆಕಾರ್ಡರ್ ಚಕ್ರದ ಚಿತ್ರ, ಸದ್ದು ಬರೋವಾಗ ಅದೂ ತಿರುಗೋದು."

"ಯಾವ ಕಡೆಗೆ?"

"ಎಡಕ್ಕೆ. ನಾನು ಕಾಫಿ ಹಿಡ್ಕೊಂಡು ಕಾಯ್ತಾ ನಿಂತಿರ್ತಿದ್ನಲ್ಲ, ಅದನ್ನೇ ನೋಡ್ತಿದ್ದೆ."

"ಅಕ್ಕಾ, ನೀವೇ ಇಲ್ಲಿ ಕೂತ್ಕೊಳಿ, ನಾನು ಮನೆಗೆ ಹೋಗ್ತೀನಿ!" ಎಂದು ನಕ್ಕು, ಒಳಗಿಂದ ಧೂಳು ಹಿಡಿದ ಕಂಪ್ಯೂಟರ್ ಒಂದನ್ನು ಹೊತ್ತು ತಂದರು. "ಇದನ್ನ ಗುಜರಿಗೆ ಹಾಕಿ ಅಂತ ನನ್ನ ಹೆಂಡ್ತಿ ದಿನಾ ಬೈತಾಳೆ."

ಅರ್ಧ ಗಂಟೆಯ ಮೇಲೆ ಕಪ್ಪು ಪರದೆ ಬಂತು. ಮೂಲೆಯಲ್ಲಿ ಚಕ್ರ. "ಇದೇ, ಇದೇ," ಅಂದರು ಅತ್ತಿಗೆ, ನನ್ನ ತೋಳು ಹಿಡಿದು. ಆಗ ಪರದೆಯ ನಡುವೆ ಒಂದು ಚೌಕ ಮೂಡಿತು.

"ಕೀ ಕೇಳ್ತಾ ಇದೆ," ಅಂದರು ಅಂಗಡಿಯವರು. ಬೆರಳಿನ ಗೆಣ್ಣಿನಷ್ಟು ದೊಡ್ಡ ಕಪ್ಪು ವಸ್ತು. ಕಂಪ್ಯೂಟರಿನ ಹಿಂದೆ ಚುಚ್ಚಬೇಕು. ಅದಿಲ್ಲದಿದ್ದರೆ ಫೈಲು ಕಾಣುತ್ತದೆ, ಕೇಳಿಸುವುದಿಲ್ಲ. ಆ ಕಂಪನಿ ಮುಚ್ಚಿಹೋಗಿದೆ, ಬೇರೆ ಕೀ ಸಿಗುವುದಿಲ್ಲ. "ನಂದು ಕೆಲಸ ಬಿಡೋವಾಗ ಸ್ಟುಡಿಯೋಗೆ ವಾಪಸ್ ಕೊಟ್ಟೆ. ನಿಮ್ಮ ಅಣ್ಣನವರದು ಎಲ್ಲಿದೆ?"

ಅತ್ತಿಗೆ ನನ್ನ ಕಡೆ ತಿರುಗಿದರು. "ಯಾರೂ ಎರವಲು ಕೇಳಬಾರದು ಅಂತ ಚೀಲದಲ್ಲಿ ಹಾಕಿ ಕೊರಳಲ್ಲಿದ್ದ ಶಿವದಾರಕ್ಕೇ ಕಟ್ಕೊಂಡಿರ್ತಿದ್ರಲ್ಲ. ಮಾತು ಹೋದ್ಮೇಲೂ ಬಿಚ್ಚಲಿಲ್ಲ. ಕೊನೇಲಿ ಆಸ್ಪತ್ರೆಯಿಂದ ಕರ್ಕೊಂಡು ಬಂದವನು ನೀನು. ಎತ್ತಿಟ್ಟಿದೀಯ ತಾನೆ?"

ಹೋದ ವರ್ಷ ಹಾಗಲವಾಡಿಯ ನಮ್ಮ ತೋಟದಲ್ಲಿ ಅಣ್ಣನನ್ನು ಸಮಾಧಿಯ ಗುಂಡಿಯಲ್ಲಿ ಕೂರಿಸಿದ್ದರು. ಲಿಂಗವನ್ನು ಅಂಗೈಗೆ ಇಡುವ ಮೊದಲು ಅಯ್ಯನವರು ಕೊರಳಿನ ಶಿವದಾರ ಹಿಡಿದು, ಲಿಂಗದ ಕರಡಿಗೆಯ ಪಕ್ಕ ಇದ್ದ ಪುಟ್ಟ ಬಟ್ಟೆಚೀಲ ತೋರಿಸಿ, "ಇದೇನಪ್ಪಾ?" ಎಂದು ಕೇಳಿದ್ದರು. "ಮಠದಲ್ಲಿ ಕೊಟ್ಟ ತಾಯಿತ ಇರಬೇಕು. ಇರಲಿ ಬಿಡಿ," ಅಂದವನು ನಾನು. ಶಿವದಾರದಲ್ಲಿ ಇದ್ದದ್ದನ್ನು ಬಿಚ್ಚುವುದು ಬೇಡ ಅನ್ನಿಸಿತ್ತು. ಅತ್ತಿಗೆ ಹತ್ತು ಹೆಜ್ಜೆ ದೂರದಲ್ಲಿ ಹೆಂಗಸರ ನಡುವೆ ಇದ್ದರು. ಹೋಗಿ ಕೇಳಲಿಲ್ಲ. ಮೂವತ್ತು ವರ್ಷದಿಂದ ಬೇರೆಯವರ ವರದಿಗಳಲ್ಲಿ "ಇರಬೇಕು" ಎಂದಿದ್ದರೆ ಕೆಂಪು ಗೆರೆ ಎಳೆದು "ಕೇಳಿದೆಯಾ?" ಎಂದು ವಾಪಸ್ ಕಳಿಸುವವನು ನಾನು. ವಿಭೂತಿ, ಪತ್ರೆ ಬಿತ್ತು. ಆಮೇಲೆ ಮಣ್ಣು.

ನಡೆದದ್ದನ್ನು ನಡೆದಂತೆ ಅತ್ತಿಗೆಗೆ ಹೇಳಿದೆ. ಅಂಗಡಿಯವರು ಸ್ಕ್ರೂಡ್ರೈವರ್ ಹುಡುಕತೊಡಗಿದರು.

"ಬೇಕಾದ್ರೆ ಹಿರಿಯರನ್ನ ಕೇಳಿ, ಮಣ್ಣು..." ಅಂದೆ.

"ಸುಮ್ನಿರು. ಕೂತವರನ್ನ ಎಬ್ಬಿಸ್ತಾರಾ?"

ಅಂಗಡಿಯವರು ಹುಡುಕುವುದನ್ನು ಬಿಟ್ಟು, "ಅಕ್ಕಾ, ಕೇಳೋಕಾಗಲ್ಲ. ನೋಡೋದಾದ್ರೆ ತೋರಿಸ್ತೀನಿ," ಅಂದು ಕಡಬದ ಫೈಲು ತೆರೆದರು. ಬಲಗಡೆಯೆಲ್ಲ ನೀರಿನ ದಟ್ಟ ಹಸಿರು. ಅದಕ್ಕೆ ಮೊದಲು ಸಪಾಟು ಗೆರೆ. ಅದಕ್ಕೂ ಮೊದಲು, ಎಡ ತುದಿಯಲ್ಲಿ, ಮೂರು ಸಣ್ಣ ಉಬ್ಬು.

"ಇದು ಹೆಸರು ಹೇಳಿರೋದು."

ಅತ್ತಿಗೆ ಕನ್ನಡಕ ಹಾಕಿಕೊಂಡರು. ಉಬ್ಬುಗಳ ಮೇಲೆ ಬೆರಳಿಟ್ಟು, "ಏನಂತ ಇದೆ?" ಎಂದು ನನ್ನನ್ನು ಕೇಳಿದರು.

"ಕಡಬ ಕೆರೆ. ಕೋಡಿ ನೀರು. ಒಂದನೇ ಸಲ."

ಬೆರಳು ಮೂರನೆಯದರ ಮೇಲೆ ನಿಂತಿತು. ಅದು ಉಳಿದೆರಡಕ್ಕಿಂತ ಚಿಕ್ಕದಿತ್ತು. "ಕೊನೇಲಿ ದನಿ ಇಳಿಸೋರು," ಅಂದರು. ನಂತರ, "ಅವರಂಗೆ ಹೇಳು."

ದನಿ ಇಳಿಸಿ ಹೇಳಿದೆ.

"ಹಂಗಲ್ಲ ಕಣಪ್ಪ. ಹಂಗಿರ್ಲಿಲ್ಲ."

ಮತ್ತೆ ಹೇಳಿದೆ. ಅತ್ತಿಗೆ ಪರದೆ ನೋಡುತ್ತಲೇ ತಲೆಯಾಡಿಸಿದರು, ಅಲ್ಲ ಎಂದು.