ಮಜೀದಭಾಯ್ ತೊಡೆಯ ಮೇಲಿನ ಡಬ್ಬಿ

ನಮ್ಮ ಲ್ಯಾಬಿನ ಅಟೆಂಡರ್ ಮಜೀದಭಾಯ್ ಸಾಂಬ್ರಾ ವಿಮಾನ ನಿಲ್ದಾಣದಿಂದ ಥರ್ಮಾಕೋಲ್ ಡಬ್ಬಿ ತರುವಾಗ ಅದನ್ನು ಒಮ್ಮೆಯೂ ಆಟೋದ ಸೀಟಿನ ಮೇಲೆ ಇಟ್ಟವರಲ್ಲ. ಹಸುಗೂಸಿನಂತೆ ತೊಡೆಯ ಮೇಲಿಟ್ಟುಕೊಂಡು, ಬೆಳಗಾವಿಯ ಗುಂಡಿಗಳನ್ನೆಲ್ಲ ತಮ್ಮ ಸೊಂಟಕ್ಕೇ ತೆಗೆದುಕೊಳ್ಳುತ್ತಿದ್ದರು. ನಾವು ನಗುತ್ತಿದ್ದೆವು. ಒಳಗಿನ ಸೀಸೆ ಕಿರುಬೆರಳಿನಷ್ಟು, ತಳದಲ್ಲಿ ಕಂಡೂ ಕಾಣದ ಬಿಳಿ ಪುಡಿ. ಅದು ಮನುಷ್ಯನ ಮೈಯಲ್ಲಿ ಉರಿಯೂತ ಎಬ್ಬಿಸುವ ಟಿಎನ್‌ಎಫ್ ಎಂಬ ಪ್ರೋಟೀನು, ಬ್ಯಾಕ್ಟೀರಿಯಾದಿಂದ ಮಾಡಿಸಿದ್ದು. ಜೀವಕೋಶಗಳ ಮೇಲೆ ಅದನ್ನು ಹಾಕಿ, ಎದ್ದ ಉರಿಯನ್ನು ಯಾವ ಗಿಡದ ರಸ ಆರಿಸುತ್ತದೆ ಎಂದು ನೋಡುವುದು ನಮ್ಮ ಕೆಲಸ.

ಇಷ್ಟನ್ನು ನಿಮಗೆ ನಾಲ್ಕು ಮಾತಿನಲ್ಲಿ ಹೇಳಿದೆ. ಮಜೀದಭಾಯ್‌ಗೆ ಆರು ವರ್ಷದಲ್ಲಿ ಹೇಳಿರಲಿಲ್ಲ. "ಬೀಳಸಬ್ಯಾಡ್ರಿ" ಅಂದದ್ದಷ್ಟೇ. ದೀಪದ ಬುಡದಲ್ಲೇ ಕತ್ತಲೆ.

ಅವರ ಮನೆ ಖಾನಾಪುರದಲ್ಲಿ. ಹೆಂಡತಿ ಶಮಶಾದ ಸೀರೆಗೆ ಫಾಲ್ ಹಚ್ಚುವವರು. ಎರಡು ವರ್ಷದ ಹಿಂದೆ ಅವರ ಬೆರಳ ಗೆಣ್ಣುಗಳು ಬಾತು, ಬೆಳಗಿನ ಹೊತ್ತು ಸೂಜಿ ಹಿಡಿಯುವುದೂ ಕಷ್ಟವಾಗಿತ್ತು. ಇದೆಲ್ಲ ನನಗೆ ತಿಳಿದದ್ದು ಈ ಜೂನಿನಲ್ಲಿ, ಮಜೀದಭಾಯ್ ಮೇಜು ಒರೆಸುತ್ತ ಮಾತು ತೆಗೆದಾಗ.

"ನೀಲಾ ಮೇಡಂ, ಒಂದ್ ಕೇಳ್ಲೇನ್ರಿ? ಈ ಔಷಧ ಮಂದಿಗಿ ಕೊಡೂದು ಯಾವಾಗ್ರೀ?"

"ಯಾವ ಔಷಧ?"

"ಕೀಲುಬ್ಯಾನಿದ್ರೀ. ಸೀಸೆ ಮ್ಯಾಲ ಹ್ಯೂಮನ್, ಅಂದ್ರ ಮನಷ್ಯಾರಿಗಿ ಅಂತ ಬರದಾರಲ್ಲ, ಇಲಿದು ಬ್ಯಾರೆ ಬರ್ತೈತಿ. ಲ್ಯಾಬಿನ ದೊಡ್ಡ ಸರ್ ಸಂಧಿವಾತ, ಟಿಎನ್‌ಎಫ್ ಅಂತ ಮಾತಾಡೂದು ಕೇಳೇನಿ. ಶಮಶಾದಗ ಹೇಳೇನ್ರಿ, ತಡಿ, ನಾ ತರೂ ಔಷಧ ಸಿಗ್ತೈತಿ ಅಂತ. ಬ್ಯಾರೆ ಗುಳಿಗಿ ನುಂಗಿದ್ರ ಇದು ನಾಟೂದಿಲ್ಲಂತ ಆಕಿ ದವಾಖಾನಿಗೂ ಹೋಗಿಲ್ಲ."

ಫ್ರೀಜರಿನ ಕೀಲಿಕೈ ಅವರ ಹತ್ತಿರವೇ ಇತ್ತು. ಎರಡು ವರ್ಷ ಒಂದು ಸೀಸೆಗೂ ಕೈ ಹಾಕದೆ ಸರದಿ ಕಾದಿದ್ದರು.

"ಮಜೀದಭಾಯ್, ಅದು ಔಷಧ ಅಲ್ರೀ. ಭಾಬಿಯವರ ಕೀಲಿನ್ಯಾಗ ಹೆಚ್ಚಾಗಿ ಸುಡಾಕತ್ತೇತಲ್ಲ, ಅದ ಇದು."

ಅವರು ಅಂಗೈ ನೋಡಿಕೊಂಡರು. "ಅಂದ್ರ ಇಷ್ಟ ದಿನ ಬ್ಯಾನೀನ್ನ ತೊಡಿ ಮ್ಯಾಲ ಇಟ್ಕೊಂಡ್ ಬಂದ್ನಿ."

ಮರುದಿನ ಖಾನಾಪುರದ ಮೊದಲ ಬಸ್ಸಿಗೆ ಹೆಂಡತಿಯನ್ನು ಕರೆತಂದರು. ದವಾಖಾನೆಗೆ ನಾನೂ ಹೋದೆ. ಗುಳಿಗೆಯಿಂದ ನೋವು ಇಳಿಯುತ್ತದೆ, ಸೊಟ್ಟಾದ ಬೆರಳು ನೆಟ್ಟಗಾಗುವುದಿಲ್ಲ, ಮೊದಲೇ ಬಂದಿದ್ದರೆ ಉಳಿಯುತ್ತಿದ್ದವು ಎಂದರು ಡಾಕ್ಟರು. ಬರೆದುಕೊಟ್ಟದ್ದು ಖಾನಾಪುರದ ಅಂಗಡಿಯಲ್ಲೂ ಸಿಗುವ ಗುಳಿಗೆ. ನನಗೆ ನಮ್ಮ ಓದಿನ ಮೇಲೆಯೇ ಸಿಟ್ಟು ಬಂತು. ಆರು ವರ್ಷದಲ್ಲಿ ಒಂದು ಮಾತು ಹೇಳಲು ನಮ್ಮ ನಾಲಿಗೆಗೆ ಏನಾಗಿತ್ತು?

ಮಜೀದಭಾಯ್ ಹೆಂಡತಿಗೆ ನಿಜ ಹೇಳಿರಲಿಲ್ಲ; ಆ ಔಷಧ ಬರುವತನಕ ಗುಳಿಗೆ ನುಂಗಬಹುದು ಎಂದಷ್ಟೇ ಹೇಳಿ ಕರೆತಂದಿದ್ದರು. ಹೊರಗಿನ ಬೆಂಚಿನ ಮೇಲೆ ಶಮಶಾದ ನನ್ನತ್ತ ತಿರುಗಿದರು.

"ಮೇಡಂ, ಇವ್ರು ತರತಾರಲ್ಲ, ಆ ಔಷಧ ಇನ್ನೂ ತಯಾರಾಗಿಲ್ಲೇನ್ರಿ?"

ಮಜೀದಭಾಯ್ ಗೋಡೆಯ ಕಡೆ ಮುಖ ತಿರುಗಿಸಿದರು.

"ಇಲ್ಲ ಭಾಬಿ," ಅಂದೆ.

"ಇರ್ಲಿ ಬಿಡ್ರಿ. ತಯಾರಾದ್ ಮ್ಯಾಲ ಮೊದ್ಲ ಸಣ್ಣ ವಯಸ್ಸಿನವ್ರಿಗಿ ಕೊಡ್ರಿ. ನನಗ ಕಾದು ರೂಢಿ ಆಗೇತಿ."